ಹಂತಕನಿಗೆ ಇಂಗ್ಲಿಷಿನಲ್ಲಿ ಹಲವು ಹೆಸರು: ಯಾವ ಪದ ಯಾರಿಗೆ?

ಕೊಲೆ ಹಾಗೂ ಕ್ರೌರ್ಯಕ್ಕೆ ಸಂಬಂಧಿಸಿದ ಹಲವಾರು ಇಂಗ್ಲಿಷ್ ಪದಗಳು ಪತ್ರಿಕೆ, ಟಿವಿ ಮತ್ತು ನ್ಯಾಯಾಲಯದ ವರದಿಗಳ ಮೂಲಕ ಕನ್ನಡಿಗರ ದಿನಬಳಕೆಗೂ ಬಂದಿವೆ. ಕಿಲ್ಲರ್, ಮರ್ಡರರ್, ಅಸಾಸಿನ್, ಥಗ್ ಇವೆಲ್ಲ ಮೇಲ್ನೋಟಕ್ಕೆ ಸಮಾನಾರ್ಥಕಗಳೆಂದು ತೋರುತ್ತವೆ. ಆದರೆ ಪ್ರತಿಯೊಂದು ಪದಕ್ಕೂ ಅದರದೇ ಆದ ವ್ಯಾಪ್ತಿಯಿದೆ. ಸತ್ತವರು ಯಾರು, ಕೊಂದವನ ಉದ್ದೇಶವೇನು, ಹಣ ಪಡೆದು ಕೊಂದನೇ, ಅಪರಾಧ ಸಾಬೀತಾಗಿದೆಯೇ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರವನ್ನು ಆಧರಿಸಿ ಪದವನ್ನು ಆರಿಸಬೇಕಾಗುತ್ತದೆ.

ಕಿಲ್ಲರ್ ಮತ್ತು ಮರ್ಡರರ್

ಈ ಪೈಕಿ ಅತ್ಯಂತ ವಿಶಾಲವಾದ ಪದ ‘ಕಿಲ್ಲರ್’. ಜೀವ ತೆಗೆದದ್ದು ಮನುಷ್ಯನಿರಲಿ, ಪ್ರಾಣಿಯಿರಲಿ, ರೋಗವಿರಲಿ, ಎಲ್ಲಕ್ಕೂ ಅದು ಸಲ್ಲುತ್ತದೆ. ಕೊಂದದ್ದು ತಪ್ಪೋ ಸರಿಯೋ ಎಂಬುದನ್ನು ಅದು ಹೇಳುವುದಿಲ್ಲ. ‘ಮರ್ಡರರ್’ ಹಾಗಲ್ಲ. ಅದು ಕಾನೂನಿನ ಭಾರ ಹೊತ್ತ ಪದ. ಪ್ರಾಣಹರಣವೆಲ್ಲವೂ ಕಾನೂನಿನ ದೃಷ್ಟಿಯಲ್ಲಿ ಕೊಲೆಯಲ್ಲ. 1860ರ ಭಾರತೀಯ ದಂಡ ಸಂಹಿತೆಯು ತನ್ನ 299 ಮತ್ತು 300ನೇ ಕಲಮುಗಳಲ್ಲಿ ದಂಡನಾರ್ಹ ನರಹತ್ಯೆ ಹಾಗೂ ಕೊಲೆಯನ್ನು ಪ್ರತ್ಯೇಕವಾಗಿ ವಿವರಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 100 ಮತ್ತು 101ನೇ ಕಲಮುಗಳಲ್ಲಿಯೂ ಈ ಭೇದ ಉಳಿದಿದೆ. ಶಿಕ್ಷೆಯೂ ಬೇರೆ ಬೇರೆ. ಕೊಲೆಗೆ 103ನೇ ಕಲಮು, ಕೊಲೆಯೆನಿಸದ ನರಹತ್ಯೆಗೆ 105ನೇ ಕಲಮು ಅನ್ವಯಿಸುತ್ತದೆ. ಇಂಗ್ಲೆಂಡಿನ ಕಾನೂನಿನಲ್ಲಿ ಈ ಎರಡನೆಯದಕ್ಕೆ ಹತ್ತಿರವಾದ ಪದ ‘ಮ್ಯಾನ್‌ಸ್ಲಾಟರ್’. ಆದ್ದರಿಂದ ತೀರ್ಪು ಹೊರಬೀಳುವವರೆಗೆ ಬಂಧಿತನು ‘ಕೊಲೆ ಆರೋಪಿ’ಯೇ ಹೊರತು ಮರ್ಡರರ್ ಅಲ್ಲ.

ಅಸಾಸಿನ್

ರಾಜಕೀಯ ಅಥವಾ ಮತೀಯ ಕಾರಣಕ್ಕಾಗಿ ಪ್ರಮುಖ ವ್ಯಕ್ತಿಯನ್ನು ಕೊಲ್ಲುವವನು ‘ಅಸಾಸಿನ್’. ಪದದ ಮೂಲ ಅರಬ್ಬಿ ಭಾಷೆಯ ‘ಹಶೀಶಿ’. ಹಸನ್ ಸಬ್ಬಾಹ್ ಎಂಬ ನಾಯಕ 1090ರಲ್ಲಿ ಇರಾನಿನ ಅಲಮೂತ್ ಕೋಟೆಯನ್ನು ವಶಪಡಿಸಿಕೊಂಡ ಬಳಿಕ ಬೆಳೆದ ನಿಜಾರಿ ಇಸ್ಮಾಯಿಲಿ ಪಂಥದವರನ್ನು ಹಳಿಯಲು ವಿರೋಧಿಗಳು ಬಳಸಿದ ಹೆಸರಿದು. ಅವರು ಮಾದಕ ವಸ್ತು ಸೇವಿಸಿ ಕೊಲ್ಲುತ್ತಿದ್ದರೆಂಬ ಕಥೆಯನ್ನು ಇಂದಿನ ವಿದ್ವಾಂಸರು ದಂತಕಥೆಯೆಂದೇ ಪರಿಗಣಿಸುತ್ತಾರೆ. ಮಂಗೋಲರ ದಾಳಿಗೆ 1256ರಲ್ಲಿ ಅಲಮೂತ್ ಪತನಗೊಂಡರೂ ಬೈಗುಳವಾಗಿ ಹುಟ್ಟಿದ ಹೆಸರು ಯುರೋಪಿನ ಭಾಷೆಗಳಲ್ಲಿ ಉಳಿಯಿತು. ಕನ್ನಡ ಪತ್ರಿಕೆಗಳು 1948ರ ಗಾಂಧೀಜಿ ಪ್ರಕರಣ, 1984ರ ಇಂದಿರಾ ಗಾಂಧಿ ಪ್ರಕರಣಗಳಿಗೆ ‘ಕೊಲೆ’ಗಿಂತ ‘ಹತ್ಯೆ’ ಎಂಬ ಪದವನ್ನೇ ಹೆಚ್ಚಾಗಿ ಬಳಸುವುದು ಇಂಥದೇ ಭೇದದಿಂದ.

ಹಣ, ಸಂಖ್ಯೆ ಮತ್ತು ಸಂಬಂಧ

ಹಣಕ್ಕಾಗಿ ಕೊಲ್ಲುವವನು ‘ಹಿಟ್‌ಮ್ಯಾನ್’ ಅಥವಾ ‘ಕಾಂಟ್ರಾಕ್ಟ್ ಕಿಲ್ಲರ್’. ಭಾರತದ ಇಂಗ್ಲಿಷ್ ಪತ್ರಿಕೆಗಳು ಇವನನ್ನು ‘ಸುಪಾರಿ ಕಿಲ್ಲರ್’ ಎನ್ನುತ್ತವೆ, ಕನ್ನಡದಲ್ಲಿ ‘ಸುಪಾರಿ ಹಂತಕ’. ‘ಮರ್ಸಿನರಿ’ಯೂ ಹಣಕ್ಕಾಗಿ ಹೋರಾಡುವವನೇ, ಆದರೆ ಅವನು ಪರರ ಯುದ್ಧದಲ್ಲಿ ಕಾದುವ ಬಾಡಿಗೆ ಸೈನಿಕ.

ಸಂಖ್ಯೆಯನ್ನು ಆಧರಿಸಿದ ಪದ ‘ಸೀರಿಯಲ್ ಕಿಲ್ಲರ್’, ಅಂದರೆ ಸರಣಿ ಹಂತಕ. ಅಮೆರಿಕದ ಎಫ್‌ಬಿಐ 2005ರಲ್ಲಿ ಏರ್ಪಡಿಸಿದ್ದ ತಜ್ಞರ ಸಭೆ, ಪ್ರತ್ಯೇಕ ಘಟನೆಗಳಲ್ಲಿ ಇಬ್ಬರು ಅಥವಾ ಹೆಚ್ಚು ಜನರನ್ನು ಕೊಂದವರಿಗೆ ಈ ಪದ ಸಲ್ಲುತ್ತದೆ ಎಂದಿತು. ಒಂದೇ ಘಟನೆಯಲ್ಲಿ ಹಲವರನ್ನು ಕೊಂದವನು ‘ಮಾಸ್ ಮರ್ಡರರ್’.

ಕೊಲ್ಲು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ‘ಸೈಡ್’ ಪ್ರತ್ಯಯವು ಕೊಂದವನಿಗೂ ಸತ್ತವನಿಗೂ ಇದ್ದ ಸಂಬಂಧವನ್ನು ತಿಳಿಸುತ್ತದೆ. ಪಿತೃಹತ್ಯೆ ‘ಪ್ಯಾಟ್ರಿಸೈಡ್’, ರಾಜಹತ್ಯೆ ‘ರೆಜಿಸೈಡ್’, ಶಿಶುಹತ್ಯೆ ‘ಇನ್‌ಫ್ಯಾಂಟಿಸೈಡ್’. ಜನಾಂಗಹತ್ಯೆಯನ್ನು ಸೂಚಿಸುವ ‘ಜೆನೊಸೈಡ್’ ಪದವನ್ನು ಪೋಲಿಷ್ ಯಹೂದಿ ನ್ಯಾಯವಾದಿ ರಫೇಲ್ ಲೆಮ್ಕಿನ್ ರೂಪಿಸಿದರು. ಅದು 1944ರಲ್ಲಿ ಅವರ ಗ್ರಂಥದಲ್ಲಿ ಬೆಳಕು ಕಂಡಿತು. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅದನ್ನು ಅಂತಾರಾಷ್ಟ್ರೀಯ ಅಪರಾಧವೆಂದು ಒಪ್ಪಂದದ ಮೂಲಕ ಸಾರಿತು.

ಕೊಲ್ಲದ ಕ್ರೂರಿಗಳು

‘ರೂತ್‌ಲೆಸ್’ ಎಂದರೆ ನಿರ್ದಯಿ. ಕರುಣೆ ಎಂಬರ್ಥದ ‘ರೂತ್’ ಇಂಗ್ಲಿಷಿನಲ್ಲಿ ಬಹುತೇಕ ಮರೆಯಾಗಿದೆ. ಅದರ ಅಭಾವವನ್ನು ಹೇಳುವ ಪದ ಮಾತ್ರ ಉಳಿದುಕೊಂಡಿದೆ. ‘ಬುಚರ್’ ಪದಕ್ಕೆ ಕನ್ನಡದ ‘ಕಟುಕ’ನಂತೆಯೇ ಎರಡು ಅರ್ಥ. ಒಂದು ವೃತ್ತಿ, ಇನ್ನೊಂದು ನಿಂದೆ. ‘ಕಟ್‌ಥ್ರೋಟ್’ ಹಿಂದೆ ನಿಜವಾಗಿಯೂ ಕತ್ತು ಕೊಯ್ಯುವವನಾಗಿದ್ದ. ಈಗ ಮಾರುಕಟ್ಟೆಯ ಪೈಪೋಟಿಗೂ ವಿಶೇಷಣವಾಗಿದ್ದಾನೆ.

ಥಗ್: ಹೆಸರೇ ಅಪರಾಧವಾದಾಗ

ಇಂಗ್ಲಿಷಿಗೆ ಭಾರತವೇ ಕೊಟ್ಟ ಪದ ‘ಥಗ್’. ಹಿಂದಿಯ ‘ಠಗ್’ ಹಾಗೂ ಕನ್ನಡದ ‘ಠಕ್ಕ’ ಒಂದೇ ಬಳಗದವು. ಎರಡರ ಅರ್ಥವೂ ವಂಚಕ. ಪ್ರಯಾಣಿಕರ ಕೊರಳಿಗೆ ಉರುಲು ಬಿಗಿದು ದೋಚುವ ಗುಂಪುಗಳಿಗೆ ಬ್ರಿಟಿಷರು ಈ ಹೆಸರಿಟ್ಟರು. ದಕ್ಷಿಣದಲ್ಲಿ ಅವರನ್ನು ‘ಫಾನ್ಸಿಗಾರ’ರೆಂದು ಕರೆಯಲಾಗುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಪತನದ ಬಳಿಕ ಬೆಂಗಳೂರಿನ ಸುತ್ತಮುತ್ತ ಇಂಥ ಸುಮಾರು 100 ಮಂದಿಯನ್ನು ಬಂಧಿಸಿದ ದಾಖಲೆಯಿದೆ. 1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ಇವರ ವಿರುದ್ಧ ದೊಡ್ಡ ಕಾರ್ಯಾಚರಣೆ ನಡೆಸಿದ. ಮುಂದೆ ಸುರಪುರದಲ್ಲಿ ಆಡಳಿತಾಧಿಕಾರಿಯಾದ ಮೆಡೋಸ್ ಟೇಲರ್ 1839ರಲ್ಲಿ ಬರೆದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಪದವನ್ನು ಇಂಗ್ಲೆಂಡಿನ ಮನೆಮಾತಾಗಿಸಿತು.

ಅಷ್ಟರಲ್ಲಿ ಪದವು ಕಾನೂನಾಗಿತ್ತು. 1836ರ ಕಾಯ್ದೆಯ ಪ್ರಕಾರ ಥಗ್ಗರ ಗುಂಪಿಗೆ ಸೇರಿದವನೆಂದು ಸಾಬೀತಾದರೆ ಸಾಕು, ನಿರ್ದಿಷ್ಟ ಕೊಲೆಯೊಂದು ಸಾಬೀತಾಗದಿದ್ದರೂ ಜೀವಾವಧಿ ಶಿಕ್ಷೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳಿಗೇ ಹುಟ್ಟಿನಿಂದ ಹಣೆಪಟ್ಟಿ ಹಚ್ಚಿತು. ಅದು ರದ್ದಾದದ್ದು 1952ರಲ್ಲಿ. ದಂಡ ಸಂಹಿತೆಯ 310 ಮತ್ತು 311ನೇ ಕಲಮುಗಳಲ್ಲಿ ಥಗ್ 2024ರವರೆಗೂ ಉಳಿದಿದ್ದ. ನ್ಯಾಯ ಸಂಹಿತೆ ಅವನನ್ನು ಕೈಬಿಟ್ಟಿದೆ.

ಇಂದಿನ ಇಂಗ್ಲಿಷಿನಲ್ಲಿ ಥಗ್ ಎಂದರೆ ಬೀದಿ ಪುಂಡ, ನಮ್ಮಲ್ಲಿನ ರೌಡಿ. ಪೊಲೀಸರ ರೌಡಿ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ಶಿಕ್ಷಿತ ಅಪರಾಧಿಯಾಗುವುದಿಲ್ಲ. ಸಾಬೀತಾದಷ್ಟನ್ನು ಮಾತ್ರ ಹೇಳುವ ಪದವೇ ಸರಿಯಾದ ಪದ. ಅದಕ್ಕಿಂತ ಹೆಚ್ಚು ಹೇಳುವ ಪದ, ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ.