ಎರಡು ಕಲಂಗಳ ನೆರಳಿನಲ್ಲಿ ವಿದ್ಯಾರ್ಥಿ

ಬಿಳಿಕೆರೆ ಹೋಬಳಿಯೂ ಸೇರಿದಂತೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆಯ ಹಳ್ಳಿಗಳವರಿಗೆ ಮೇಲಿನ ಓದು ಎಂದರೆ ಬಹುಕಾಲದಿಂದ ಮೈಸೂರೇ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು ಬಡ ರೈತಾಪಿ ಮನೆಗಳ ಮಕ್ಕಳಿಗೆ ನಿಜವಾಗಿ ಎಟುಕಿದ್ದು ಮಠಗಳು, ಜಾತಿ ಸಂಘಗಳು ಮತ್ತು ಸರ್ಕಾರ ನಡೆಸಿದ ವಿದ್ಯಾರ್ಥಿನಿಲಯಗಳಿಂದ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಅವರು 1972ರಲ್ಲಿ ಮುಖ್ಯಮಂತ್ರಿಯಾಗಿ ಎಲ್.ಜಿ. ಹಾವನೂರು ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿದ್ದು, ಆ ಆಯೋಗ 1975ರಲ್ಲಿ ವರದಿ ಕೊಟ್ಟದ್ದು ಈ ಚರಿತ್ರೆಯ ದೊಡ್ಡ ತಿರುವು. ಅನ್ನ ಮತ್ತು ವಸತಿ ಇಲ್ಲದೆ ಓದು ನಿಲ್ಲುವುದೆಂಬ ಸತ್ಯವನ್ನು ಆ ಪೀಳಿಗೆ ಚೆನ್ನಾಗಿ ಅರಿತಿತ್ತು. ಆದರೆ ಒಂದೇ ಕೋಣೆಯಲ್ಲಿ ನಾಲ್ಕಾರು ಜನ ಮಲಗುವ ಆ ನಿಲಯಗಳಲ್ಲಿ, ತನ್ನ ಒಲವು ಉಳಿದವರಂತಲ್ಲ ಎಂದು ಕಂಡುಕೊಂಡ ಹುಡುಗನಾಗಲಿ ಹುಡುಗಿಯಾಗಲಿ ಅದನ್ನು ಯಾರೊಡನೆ ಹೇಳಿಕೊಳ್ಳಬೇಕೆಂಬ ಪ್ರಶ್ನೆ ಯಾವ ಆಯೋಗದ ಮುಂದೆಯೂ ಬರಲಿಲ್ಲ.

ಸಲಿಂಗಪ್ರೇಮಿಗಳು, ಎರಡೂ ಲಿಂಗದವರತ್ತ ಒಲಿಯುವವರು ಮತ್ತು ಹುಟ್ಟಿನಲ್ಲಿ ಗುರುತಿಸಿದ ಲಿಂಗಕ್ಕೆ ಹೊಂದದೆ ಬದುಕುವವರನ್ನು ಒಟ್ಟಾಗಿ ಲೈಂಗಿಕ ಅಲ್ಪಸಂಖ್ಯಾತರು ಎನ್ನುವುದು ಕನ್ನಡದಲ್ಲಿ ರೂಢಿಯಾಗಿದೆ. ಇವರ ಸಂಕಟ ಹುಟ್ಟುಗುಣದಿಂದ ಬರುವುದಲ್ಲ. ತಿರಸ್ಕಾರ, ಅದರ ನಿರೀಕ್ಷೆ ಮತ್ತು ಸದಾ ಮುಚ್ಚಿಟ್ಟುಕೊಳ್ಳಬೇಕಾದ ದಣಿವು ಸೇರಿ ಮನಸ್ಸನ್ನು ಕುಗ್ಗಿಸುತ್ತವೆ ಎಂಬ ಮಾತನ್ನು ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ‘ಅಲ್ಪಸಂಖ್ಯಾತರ ಒತ್ತಡ’ ಎಂಬ ಪರಿಕಲ್ಪನೆಯ ಮೂಲಕ ವಿವರಿಸಿದರು.

ಭಾರತದಲ್ಲಿ ಈ ಒತ್ತಡಕ್ಕೆ ಕಾನೂನಿನ ಬಲವೂ ಇತ್ತು. 1860ರ ದಂಡ ಸಂಹಿತೆಯ 377ನೇ ಕಲಂ ಸಲಿಂಗ ಸಂಬಂಧವನ್ನು ಅಪರಾಧವೆಂದರೆ, ಅದೇ ಸಂಹಿತೆಯ 309ನೇ ಕಲಂ ಆತ್ಮಹತ್ಯೆಯ ಯತ್ನವನ್ನು ಅಪರಾಧವೆಂದಿತು. ಬದುಕುಳಿದ ವಿದ್ಯಾರ್ಥಿಯು ವೈದ್ಯರ ಎದುರು ಕಾರಣ ಹೇಳಿದರೆ ಒಂದು ಭಯ, ಹೇಳದಿದ್ದರೆ ಚಿಕಿತ್ಸೆಯೇ ಅಪೂರ್ಣ. ಪೊಲೀಸರು ಬರುವರೆಂಬ ಅಂಜಿಕೆಯಿಂದ ಮನೆಯವರು ಘಟನೆಯನ್ನೇ ಬಚ್ಚಿಡುತ್ತಿದ್ದರು. ಎರಡು ಕಲಂಗಳ ಹಣೆಬರಹವೂ ವಿಚಿತ್ರವಾಗಿ ಒಂದೇ ತೆರನಾದದ್ದು: 309ನ್ನು ಸುಪ್ರೀಂ ಕೋರ್ಟು 1994ರಲ್ಲಿ ತಳ್ಳಿಹಾಕಿ 1996ರಲ್ಲಿ ಮತ್ತೆ ಎತ್ತಿಹಿಡಿಯಿತು, 377ನ್ನು ದೆಹಲಿ ಹೈಕೋರ್ಟು 2009ರಲ್ಲಿ ಮೊಟಕುಗೊಳಿಸಿದರೆ ಸುಪ್ರೀಂ ಕೋರ್ಟು 2013ರಲ್ಲಿ ಅದನ್ನು ಪುನಃ ಜೀವಂತಗೊಳಿಸಿತು. ಕೊಟ್ಟ ನೆಮ್ಮದಿಯನ್ನು ಹೀಗೆ ಕಿತ್ತುಕೊಂಡದ್ದು ಕ್ರೂರವೇ ಸರಿ.

ಎರಡೂ ಸಡಿಲಗೊಂಡದ್ದು 2018ರಲ್ಲಿ. ಆ ವರ್ಷದ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಸಾಮಾನ್ಯವಾಗಿ ಶಿಕ್ಷಿಸಬಾರದೆಂದಿತಲ್ಲದೆ, ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡುವುದನ್ನೂ ನಿಷೇಧಿಸಿತು; ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು 377ರಿಂದ ಹೊರಗಿಟ್ಟಿತು. ಅದಕ್ಕೂ ಮೊದಲೇ, 2016ರಲ್ಲಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಲೈಂಗಿಕ ಒಲವನ್ನು ಗುರಿಯಾಗಿಸಿದ ಹಿಂಸೆಯನ್ನು ರ‍್ಯಾಗಿಂಗ್ ಎಂದೇ ಪರಿಗಣಿಸಿತ್ತು.

ಕಾನೂನು ಬದಲಾದಷ್ಟು ಬೇಗ ಲೆಕ್ಕಪತ್ರ ಬದಲಾಗಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ 13,044 ವಿದ್ಯಾರ್ಥಿಗಳ ಆತ್ಮಹತ್ಯೆಯನ್ನು ದಾಖಲಿಸಿದೆ. ಅವರಲ್ಲಿ ಒಲವಿನ ಕಾರಣಕ್ಕೆ ನೊಂದವರೆಷ್ಟು ಎಂದು ತಿಳಿಸುವ ಅಂಕಣ ಅದರಲ್ಲಿಲ್ಲ. ಸಂಕಟ ದಾಟಿ ಬಾಳಿದವರ ಚರಿತ್ರೆಯೂ ಇಷ್ಟೇ ಮುಖ್ಯ. ಹದಿಹರೆಯದಲ್ಲಿ ಮನೆಯವರ ತಿರಸ್ಕಾರಕ್ಕೆ ನೊಂದು ಪ್ರಾಣ ಬಿಡಲು ಹೊರಟಿದ್ದುದನ್ನು ತಾವೇ ಹೇಳಿಕೊಂಡಿರುವ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿಯವರು ಜೋಗತಿ ನೃತ್ಯದಲ್ಲಿ ನೆಲೆ ಕಂಡು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು.

ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ನಿಲಯಪಾಲಕರೇ ಮೊದಲ ಹಿರಿಯರಾಗಿರುವುದರಿಂದ, ಕೇಳಿಸಿಕೊಳ್ಳುವ ತರಬೇತಿ ಅವರಿಗೆ ಮೊದಲು ಸಿಗಬೇಕು. ಅಂಥ ಹಿರಿಯರು ಸಿಗದಾಗ ನೆರವಿಗಿರುವ, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ಸಿಗುವ ಈ ನೆರವು ಕನ್ನಡದಲ್ಲಿಯೂ ಲಭ್ಯವಿದೆ.