ಅತಿವಾಹಕ ದೋಷಪ್ರವಾಹ ಮಿತಿಕಾರಕ: ಹುಣಸೂರು ಸೀಮೆಯ 11 ಕೆ.ವಿ. ಜಾಲದಲ್ಲಿ ಅದರ ನೆಲೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಗೆ ಕರೆಂಟು ಹಂಚುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಉಪಕೇಂದ್ರದಲ್ಲಿ 66 ಕೆ.ವಿ. 11 ಕೆ.ವಿ.ಗೆ ಇಳಿಯುತ್ತದೆ. ಅಲ್ಲಿಂದ ಫೀಡರುಗಳು ಹೊಗೆಸೊಪ್ಪಿನ ಹೊಲ, ಕಾವೇರಿ ಬಯಲಿನ ಗದ್ದೆ, ನಾಗರಹೊಳೆ ಕಾಡಂಚಿನ ಹಾಡಿಗಳವರೆಗೂ ಹರಡುತ್ತವೆ. ಇಂಥ ಜಾಲದಲ್ಲಿ, ಶಾರ್ಟ್ ಆದಾಗ ಉಕ್ಕುವ ದೋಷಪ್ರವಾಹವನ್ನು ತಗ್ಗಿಸುವ ಅತಿವಾಹಕ ಮಿತಿಕಾರಕಕ್ಕೆ ಕೆಲಸವಿದೆಯೇ, ಇದ್ದರೆ ಎಲ್ಲಿ ಎಂಬುದು ಈ ಲೇಖನದ ಪ್ರಶ್ನೆ.

ಪಾದರಸ 4.2 ಕೆಲ್ವಿನ್‌ನಲ್ಲಿ ವಿದ್ಯುತ್ ತಡೆ ಕಳೆದುಕೊಂಡು ಅತಿವಾಹಕವಾಗುವುದನ್ನು ಕ್ಯಾಮರ್ಲಿಂಗ್ ಓನೆಸ್ 1911ರಲ್ಲಿ ಕಂಡರು. 1987ರಲ್ಲಿ ದೊರೆತ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡಿಗೆ 77 ಕೆಲ್ವಿನ್‌ನ ದ್ರವ ಸಾರಜನಕವೇ ಸಾಕು. ಮಿತಿಕಾರಕದಲ್ಲಿ ಅದರ ಪಟ್ಟಿ ದಿನನಿತ್ಯದ ಹೊರೆಯನ್ನು ಬಹುಮಟ್ಟಿಗೆ ತಡೆಯಿಲ್ಲದೆ ಹೊರುತ್ತದೆ. ಶಾರ್ಟ್ ಆಗಿ ಪ್ರವಾಹ ಮಿತಿ ಮೀರಿದೊಡನೆ ಅತಿವಾಹಕತೆ ಮುರಿದು, ಕೆಲವೇ ಮಿಲಿಸೆಕೆಂಡುಗಳಲ್ಲಿ ತಡೆ ಏಳುತ್ತದೆ. ದೋಷ ಗುರುತಿಸುವ ಯಾವ ರಿಲೇಯ ಅಪ್ಪಣೆಗೂ ಅದು ಕಾಯುವುದಿಲ್ಲ. ಬ್ರೇಕರ್ ತೆರೆದುಕೊಳ್ಳುವ ಮೊದಲೇ, ಸುಮಾರು 10 ಮಿಲಿಸೆಕೆಂಡಿನಲ್ಲಿ, ಪ್ರವಾಹದ ಮೊದಲ ಶಿಖರ ಬಂದು ಟ್ರಾನ್ಸ್‌ಫಾರ್ಮರಿನ ಸುರುಳಿಗಳನ್ನು ಹಿಂಡಿರುತ್ತದೆ. ಅದನ್ನು ತಗ್ಗಿಸುವುದೇ ಈ ಸಾಧನದ ಹೆಚ್ಚುಗಾರಿಕೆ. ಜರ್ಮನಿಯ ನೆಟ್ಫೆನ್‌ನಲ್ಲಿ 2004ರಲ್ಲೂ ಎಸೆನ್ ನಗರದಲ್ಲಿ 2014ರಲ್ಲೂ ಅತಿವಾಹಕ ಮಿತಿಕಾರಕವನ್ನು 10 ಕೆ.ವಿ. ಜಾಲಕ್ಕೆ ಜೋಡಿಸಲಾಯಿತು.

ಈಗ ನಮ್ಮ ಸೀಮೆಯ ಲೆಕ್ಕ. 12.5 ಎಂ.ವಿ.ಎ., ಶೇ. 10 ಪ್ರತಿಬಾಧೆಯ (ಇಂಪಿಡೆನ್ಸ್) ಟ್ರಾನ್ಸ್‌ಫಾರ್ಮರ್ ಎಂದು ಇಟ್ಟುಕೊಳ್ಳೋಣ. ಅದರ ಪೂರ್ಣಹೊರೆ 656 ಆಂಪಿಯರ್. ಮೇಲಿನ ಜಾಲದ ಪ್ರತಿಬಾಧೆ ಬಿಟ್ಟರೆ, ಬಸ್‌ಬಾರಿನಲ್ಲಿ ದೋಷಪ್ರವಾಹ 6,560 ಆಂಪಿಯರ್. ಅದೇ ದೋಷ ರ‍್ಯಾಬಿಟ್ ಎಂಬ ಬಗೆಯ ತಂತಿಯ 20 ಕಿ.ಮೀ. ಫೀಡರಿನ ತುದಿಯಲ್ಲಾದರೆ, ಕಿ.ಮೀ.ಗೆ 0.55 ಓಂ ತಡೆ, 0.37 ಓಂ ಪ್ರತಿಘಾತದ (ರಿಯಾಕ್ಟನ್ಸ್) ಲೆಕ್ಕದಲ್ಲಿ, ಸುಮಾರು 460 ಆಂಪಿಯರ್ ಮಾತ್ರ. ಅಂದರೆ ಟ್ರಾನ್ಸ್‌ಫಾರ್ಮರಿನ ಪೂರ್ಣಹೊರೆಗಿಂತಲೂ ಕಡಿಮೆ! ಹಳ್ಳಿಯ ತಂತಿಗೆ ಅದರ ಉದ್ದವೇ ಮಿತಿಕಾರಕ. ಅಲ್ಲಿರುವ ಕಷ್ಟ ಪ್ರವಾಹ ಹೆಚ್ಚಾದದ್ದಲ್ಲ, ರಿಲೇಗೆ ಗೊತ್ತಾಗುವಷ್ಟು ಇಲ್ಲದಿರುವುದು. ತುಂಡಾಗಿ ಒಣನೆಲಕ್ಕೆ ಬಿದ್ದ ತಂತಿಯಲ್ಲಿ ಅದು ಇನ್ನೂ ಇಳಿಯುತ್ತದೆ. ರೈತನನ್ನೋ ದನವನ್ನೋ ಆನೆಯನ್ನೋ ಕೊಲ್ಲುವ ಆ ತಂತಿಯ ಎದುರು ಅತಿವಾಹಕ ಏನೂ ಮಾಡದು.

ಸಾಧನದ ನಿಜವಾದ ಜಾಗ ಉಪಕೇಂದ್ರದೊಳಗೆ, ಎರಡು ಟ್ರಾನ್ಸ್‌ಫಾರ್ಮರ್‌ಗಳ ಬಸ್‌ಬಾರುಗಳನ್ನು ಕೂಡಿಸುವಲ್ಲಿ. ನೇರವಾಗಿ ಕೂಡಿಸಿದರೆ ದೋಷಪ್ರವಾಹ 13,100 ಆಂಪಿಯರ್‌ಗೆ ಏರುತ್ತದೆ. ನಡುವೆ 2 ಓಂ ತಡೆ ಎದ್ದರೆ ಅದು 8,200ಕ್ಕೆ ಇಳಿಯುತ್ತದೆ. ದೋಷವಿಲ್ಲದ ಕಡೆಯ ಟ್ರಾನ್ಸ್‌ಫಾರ್ಮರಿನ ಪ್ರವಾಹ 6,560ರಿಂದ 2,860ಕ್ಕೆ ತಗ್ಗುತ್ತದೆ. ಸುರುಳಿಯ ಮೇಲಿನ ಬಲ ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಐದರಲ್ಲೊಂದಾಗುತ್ತದೆ, ಆ ಕಡೆಯ ಪಂಪ್‌ಸೆಟ್‌ಗಳಿಗೆ ವೋಲ್ಟೇಜೂ ಅಷ್ಟು ಕುಸಿಯದು.

ತಂಪಿನ ಪ್ರಶ್ನೆ ಉಳಿಯುತ್ತದೆ. ದ್ರವ ಸಾರಜನಕ ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಪಶು ಆಸ್ಪತ್ರೆಗಳಲ್ಲಿ ಕೃತಕ ಗರ್ಭಧಾರಣೆಯ ವೀರ್ಯಕಡ್ಡಿಗಳು ಅದರಲ್ಲೇ ಇರುತ್ತವೆ. ಆದರೆ ಕ್ಯಾನಿಗೆ ತುಂಬಿಸಿಡುವುದು ಬೇರೆ, ಶೀತಕ ಯಂತ್ರವನ್ನು ವರ್ಷವಿಡೀ ನಿಲ್ಲದೆ ನಡೆಸುವುದು ಬೇರೆ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಉದ್ದನೆಯ ಫೀಡರುಗಳಿಗೆ ಅತಿವಾಹಕ ಬೇಡ. ಅಲ್ಲಿಗೆ ಬೇಕಾದದ್ದು ಸೂಕ್ಷ್ಮ ಭೂದೋಷ ರಿಲೇ ಮತ್ತು ಬಿಗಿಯಾದ ತಂತಿ. ಪ್ರಯೋಗ ಮಾಡುವುದಾದರೆ ಎರಡು ಟ್ರಾನ್ಸ್‌ಫಾರ್ಮರ್‌ಗಳಿರುವ ಒಂದು ಉಪಕೇಂದ್ರದ ಬಸ್‌ಬಾರ್ ಜೋಡಣೆಯಲ್ಲಿ ಮಾಡಬೇಕು.