ಹೊಲವೂ ಹೌದು, ಮತವೂ ಹೌದು

ಕ್ಷೇತ್ರ

"ಅಸೆಂಬ್ಲಿಗೆ ನಮ್ದು ಜನರಲ್ಲು, ಪಾರ್ಲಿಮೆಂಟಿಗೆ ಮೀಸಲು ಕ್ಷೇತ್ರ ಕಣಣ್ಣ." ಚುನಾವಣೆ ಬಂತೆಂದರೆ ಗುಂಡ್ಲುಪೇಟೆಯ ಟೀ ಅಂಗಡಿಯಲ್ಲಿ ಈ ಮಾತು ಕೇಳುತ್ತದೆ. ಮೀಸಲು ಅಂದರೆ ಮತವೂ ಒಂದೇ ವರ್ಗದ್ದು ಅಂದುಕೊಂಡವರಿದ್ದಾರೆ. ಅಲ್ಲ, ಮೀಸಲಿರುವುದು ಅಭ್ಯರ್ಥಿಯ ಜಾಗ, ಮತ ಎಲ್ಲರದು.

ಸಂಸ್ಕೃತದ 'ಕ್ಷಿ', ಅಂದರೆ ನೆಲೆಸು, ಇದರ ಬೇರು. ಮೊದಲ ಅರ್ಥ ಹೊಲ. ಹಿಂದಿಯ 'ಖೇತ್' ಇದರದೇ ಕುಡಿ. ಗೀತೆಯಲ್ಲಿ ದೇಹವೇ ಕ್ಷೇತ್ರ, ನಮಗೆ ಪುಣ್ಯಸ್ಥಳ. ಗಡಿಯಾಚೆ ವಯನಾಡಿನಲ್ಲಿ 'ಕ್ಷೇತ್ರಂ' ಎಂದರೆ ದೇವಸ್ಥಾನ, ಚುನಾವಣೆಯದು 'ಮಂಡಲಂ'. ಗೂಡಲೂರಿನ ತಮಿಳಿಗೆ 'ತೊಗುದಿ'.

'ದ್ವಿಸದಸ್ಯ ಕ್ಷೇತ್ರ' ಎಂಬ ಮಾತು ಮಾತ್ರ ಮರೆತೇಹೋಗಿದೆ. 1957ರಲ್ಲಿ ಮೈಸೂರು ಲೋಕಸಭಾ ಕ್ಷೇತ್ರ ಅಂಥದ್ದು: ಒಂದೇ ಹೊಲ, ಎರಡು ಫಸಲು. ಮತದಾರನಿಗೆ ಎರಡು ಮತ. ಒಂದು ಸ್ಥಾನ ಪರಿಶಿಷ್ಟ ಜಾತಿಗೆ. ಅದೇ ವರ್ಷ ಆಂಧ್ರದ ಪಾರ್ವತೀಪುರಂನಲ್ಲಿ ಮೀಸಲು, ಸಾಮಾನ್ಯ ಎರಡೂ ಸ್ಥಾನ ಪರಿಶಿಷ್ಟ ಪಂಗಡದವರ ಪಾಲಾದವು. ಸೋತ ವಿ.ವಿ. ಗಿರಿ ಕೋರ್ಟಿಗೆ ಹೋದರು; 1959ರಲ್ಲಿ ಸುಪ್ರೀಂ ಕೋರ್ಟ್ ಅವರ ವಾದ ಒಪ್ಪಲಿಲ್ಲ. 1961ರ ಕಾಯ್ದೆ ಜೋಡಿ ಕ್ಷೇತ್ರಗಳನ್ನು ಒಡೆಯಿತು. 1962ರಲ್ಲಿ ಚಾಮರಾಜನಗರ ಬೇರೆ ಕ್ಷೇತ್ರವಾಗಿ, ಮೀಸಲಾಗಿ, ಎಸ್.ಎಂ. ಸಿದ್ದಯ್ಯನವರನ್ನು ದಿಲ್ಲಿಗೆ ಕಳಿಸಿತು.